ಪ್ಲಾಟರಕ್ಕನ ಪೆಟ್ಟಿಗೆ

ಆ ನಕ್ಷೆ ಆಫೀಸಿನಲ್ಲಿ ಒಂದು ಕಾಲಕ್ಕೆ ಜನರಿಗಿಂತ ಪೆನ್ ಡ್ರೈವುಗಳೇ ಹೆಚ್ಚಾಗಿದ್ದವು. ಕೊರಳಿಗೆ ದಾರ ಕಟ್ಟಿ ತೂಗಿಹಾಕಿಕೊಂಡವರು ಕೆಲವರು, ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಂಡವರು ಕೆಲವರು, ಪ್ಯಾಂಟಿನ ಜೇಬಿನಲ್ಲೇ ಮರೆತು ಬಟ್ಟೆಯ ಜೊತೆ ಒಗೆಸಿ ಮನೆಯಲ್ಲಿ ಬೈಸಿಕೊಂಡವರು ಇನ್ನು ಕೆಲವರು. ಮೂರು ಕೋಣೆಗಳಲ್ಲಿ ಒಂಬತ್ತು ಜನ ನಕ್ಷೆಗಾರರು ಕೂತು ಮನೆ, ಅಂಗಡಿ, ಶಾಲೆಗಳ ನಕ್ಷೆ ಬರೆಯುತ್ತಿದ್ದರು. ಒಬ್ಬರ ನಕ್ಷೆ ಇನ್ನೊಬ್ಬರಿಗೆ ಬೇಕೆಂದರೆ ಪೆನ್ ಡ್ರೈವ್ ಹಿಡಿದು ಎದ್ದು ನಡೆಯಬೇಕು. ಆ ಎಲ್ಲ ನಡಿಗೆಯೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಪ್ಲಾಟರಕ್ಕನ ಬಾಗಿಲಲ್ಲಿ.

ಪ್ಲಾಟರ್ ಎಂದರೆ ಕಿಟಕಿ ಪರದೆಯಷ್ಟು ಅಗಲದ ಹಾಳೆಯ ಮೇಲೆ ನಕ್ಷೆ ಅಚ್ಚುಹಾಕುವ ಯಂತ್ರ. ಅದನ್ನು ನಡೆಸುವವಳು ಪ್ಲಾಟರಕ್ಕ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಆ ಕೋಣೆಗೆ ಬಂದವಳು, ಈಗ ನಲವತ್ತೈದು. ಬಂದ ಹೊಸದರಲ್ಲಿ ಅಲ್ಲಿದ್ದುದು ಅಮೋನಿಯಾ ಕುಡಿದು ನೀಲಿ ನಕ್ಷೆ ಉಗುಳುವ ಹಳೆಯ ಯಂತ್ರ. ಸಂಜೆ ಮನೆಗೆ ಹೋದರೆ ಕಣ್ಣೆರಡೂ ಕೆಂಪು ಕೆಂಪು. "ಆಫೀಸಲ್ಲಿ ನಿನಗೆ ಈರುಳ್ಳಿ ಹೆಚ್ಚೋ ಕೆಲಸ ಕೊಟ್ಟಿದಾರೇನೇ?" ಎಂದು ಅತ್ತೆ ಕೇಳುತ್ತಿದ್ದರು. ಆಮೇಲೆ ಒಂದಾದ ಮೇಲೊಂದು ಮೂರು ಪ್ಲಾಟರುಗಳು ಬಂದವು. ಪ್ರತಿಸಲವೂ ಯಂತ್ರ ತಂದವನು ಅರ್ಧ ಗಂಟೆ ಏನೇನೋ ಒತ್ತಿ ತೋರಿಸಿ, "ಅಷ್ಟೇ ಮೇಡಂ" ಎಂದು ಜಾಗ ಖಾಲಿ ಮಾಡುತ್ತಿದ್ದ. ಉಳಿದದ್ದನ್ನೆಲ್ಲ ಇವಳೇ ಪುಸ್ತಕ ತೆಗೆದು, ತಲೆ ಕೆರೆದು, ಕೈ ಮಸಿ ಮಾಡಿಕೊಂಡು ಕಲಿತಳು. ಯಂತ್ರ ಕೆಟ್ಟಿತೆಂದರೆ ಬೇರೆಯವರ ಮುಖ ಬಾಡುತ್ತಿತ್ತು; ಅಕ್ಕನಿಗೆ ಮಾತ್ರ ಎಲ್ಲಿಲ್ಲದ ಹುರುಪು. ತೋಳು ಮಡಚಿಕೊಂಡು ಇಳಿದೇಬಿಡುತ್ತಿದ್ದಳು.

ಇನ್ನು ಆ ಪೆನ್ ಡ್ರೈವುಗಳ ಒಳಗಿದ್ದ ಹೆಸರುಗಳ ಚಂದವನ್ನು ಕೇಳಬೇಕು. ‘ಫೈನಲ್’, ‘ಹೊಸ ಫೈನಲ್’, ‘ಇದೇ ಫೈನಲ್’, ‘ಇದನ್ನು ಬಿಟ್ಟು ಬೇರೆ ಮುಟ್ಟಬೇಡಿ ಫೈನಲ್’. ಹೀಗಿದ್ದ ಮೇಲೆ ಏನಾಗಬೇಕೋ ಅದೇ ಆಯಿತು. ಯಾವುದೋ ಹಳೆಯ ಫೈನಲ್ ಅಚ್ಚಾಗಿ ಸೈಟಿಗೆ ಹೋಯಿತು. ಮೇಸ್ತ್ರಿ ಅದನ್ನೇ ನಂಬಿ ಮೆಟ್ಟಿಲು ಕಟ್ಟಿಸಿದ. ಮಹಡಿಯಿಂದ ಇಳಿದು ಬಂದವರು ನೇರವಾಗಿ ಬಚ್ಚಲುಮನೆಯ ಬಾಗಿಲಿಗೆ ಹಣೆ ಹೊಡೆದುಕೊಳ್ಳುವಂತಾಯಿತು. ಆ ಮನೆಯವರು ಶನಿವಾರ ಆಫೀಸಿಗೆ ಬಂದು ಕೂಗಾಡಿದ್ದು ಕೆಳಗಿನ ಬೀದಿಗೂ ಕೇಳಿಸಿತು.

ಸೋಮವಾರ ಬೆಳಿಗ್ಗೆ ಎಂಜಿನಿಯರು ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಆಫೀಸು ಅವರದು. ಒಳ್ಳೆಯ ಮನುಷ್ಯರೇ, ಆದರೆ ಎಲ್ಲದಕ್ಕೂ ಗಡಿಬಿಡಿ; ಟೀ ಆರುವುದಕ್ಕೂ ಕಾಯದೆ ನಾಲಿಗೆ ಸುಟ್ಟುಕೊಳ್ಳುವ ಪೈಕಿ.

"ಯಾರ ಪೆನ್ ಡ್ರೈವಿಂದ ಹೋಯ್ತು ಅದು?" ಎಂದರು.

ಎಲ್ಲರೂ ತಂತಮ್ಮ ಪೆನ್ ಡ್ರೈವ್ ಮುಟ್ಟಿ ನೋಡಿಕೊಂಡರು. ಗೊತ್ತಿದ್ದರಲ್ಲವೇ ಹೇಳುವುದು!

"ಮುಂದಿನ ಮಂಗಳವಾರ ಹೊಸ ಆಸ್ಪತ್ರೆ ಕಟ್ಟಿಸೋರು ಬರ್ತಾರೆ. ನೂರಾರು ನಕ್ಷೆ ಇದೆ ಅದರಲ್ಲಿ. ನಮ್ಮ ಈ ಅವತಾರ ನೋಡಿದ್ರೆ ಅವರು ಕೆಲಸ ಕೊಡಲ್ಲ, ಕೊಡಲೂಬಾರದು. ನಾನು ಹೊರಗಿನ ಒಂದು ಕಂಪನಿ ಜೊತೆ ಮಾತಾಡಿದೀನಿ. ನಕ್ಷೆಗಳನ್ನೆಲ್ಲ ಅವರೇ ಇಟ್ಕೊಂಡು ನೋಡ್ಕೋತಾರೆ. ಪ್ರಿಂಟೂ ಅವರೇ ಹಾಕಿಸಿ ಕಳಿಸ್ತಾರೆ."

ಪ್ರಿಂಟೂ ಅವರೇ! ಬಾಗಿಲ ಹತ್ತಿರ ನಿಂತಿದ್ದ ಅಕ್ಕ ಲೆಕ್ಕ ಹಾಕಿದಳು. ಪ್ರಿಂಟು ಹೊರಗೆ ಹೋದರೆ ಪ್ಲಾಟರ್ ಯಾಕೆ ಬೇಕು, ಪ್ಲಾಟರ್ ಬೇಡವಾದರೆ ಪ್ಲಾಟರಕ್ಕ ಯಾಕೆ ಬೇಕು? ಇಪ್ಪತ್ತೊಂದು ವರ್ಷದ ಕೋಣೆಗೆ ಬೀಗ. ಭಯವಾಯಿತು, ನಿಜ. ಆದರೆ ಭಯಕ್ಕಿಂತ ಮೊದಲು ಬಾಯಿ ಓಡಿಬಿಟ್ಟಿತು.

"ಸರ್, ಅದನ್ನ ನಾವೇ ಮಾಡ್ಕೋಬಹುದಲ್ವಾ?"

ಹತ್ತು ತಲೆಗಳೂ ಅವಳ ಕಡೆ ತಿರುಗಿದವು.

"ನಮ್ಮ ಆಫೀಸಲ್ಲೇ ಒಂದು ಸರ್ವರ್ ಇಡೋದು. ನಕ್ಷೆಯೆಲ್ಲ ಅದರಲ್ಲೇ ಇರುತ್ತೆ. ಎಲ್ಲರೂ ತಂತಮ್ಮ ಜಾಗದಲ್ಲಿ ಕೂತೇ ತೆಗೀಬಹುದು, ಪೆನ್ ಡ್ರೈವ್ ಗೋಜೇ ಇಲ್ಲ. ಒಬ್ಬೊಬ್ಬರಿಗೆ ಒಂದು ಅಕೌಂಟು, ಒಂದು ಪಾಸ್‌ವರ್ಡು, ಅವರವರದೇ ಫೋಲ್ಡರು. ಎಲ್ಲಕ್ಕೂ ಮೇಲೆ ‘ಸೈಟಿಗೆ’ ಅಂತ ಒಂದು ಫೋಲ್ಡರು. ಅದನ್ನ ಯಾರು ಬೇಕಾದ್ರೂ ತೆಗೆದು ನೋಡಬಹುದು, ಆದ್ರೆ ಅದರೊಳಗೆ ನಕ್ಷೆ ಹಾಕೋದು ಗೆರೆಮಾವ ಒಬ್ಬರೇ. ನಾನು ಪ್ರಿಂಟ್ ಹಾಕೋದು ಅಲ್ಲಿಂದ ಮಾತ್ರ."

ಗೆರೆಮಾವ ಅಂದರೆ ಆಫೀಸಿನ ಹಿರಿಯ ನಕ್ಷೆಗಾರರು. ಸ್ಕೇಲು ಇಲ್ಲದೆ ಇಷ್ಟುದ್ದ ಗೆರೆ ಎಳೆದರೂ ಒಂದು ಕೂದಲಿನಷ್ಟು ಸೊಟ್ಟವಾಗದು, ಅದಕ್ಕೇ ಆ ಹೆಸರು. ಯಾರು ಬರೆದ ನಕ್ಷೆಯೇ ಆಗಲಿ, ಅವರು ಪರಿಶೀಲಿಸಿ ಮೂಲೆಯ ಚೌಕದಲ್ಲಿ ಸಹಿ ಹಾಕಬೇಕೆಂಬುದು ಕಾಗದದ ಕಾಲದಿಂದ ಬಂದ ಪದ್ಧತಿ. ಕಂಪ್ಯೂಟರು ಬಂದ ಮೇಲೆ ಆ ಪದ್ಧತಿ ಬರೀ ಬಾಯಿಮಾತಿಗೆ ಉಳಿದಿತ್ತು.

"ನಿಮಗೆ ಇದು ಬರುತ್ತಾ?" ಎಂದು ಎಂಜಿನಿಯರು ಕೇಳಿದರು.

"ಬರಲ್ಲ ಸರ್. ಕಲ್ತ್ಕೋತೀನಿ."

ಯಾರೋ ಕಿಸಕ್ಕೆಂದು ನಕ್ಕರು. ಎಂಜಿನಿಯರು ನಗಲಿಲ್ಲ. "ಸರಿ. ಮಂಗಳವಾರ ಆಸ್ಪತ್ರೆಯೋರ ಮುಂದೆ ಇದು ನಡೀಬೇಕು. ನಡೆದ್ರೆ ಸರ್ವರ್ ನಿಮ್ಮ ಕೈಗೆ, ಪೂರ್ತಿ ಜವಾಬ್ದಾರಿ ನಿಮ್ಮದು. ನಡೀಲಿಲ್ಲ ಅಂದ್ರೆ ಹೊರಗಿನೋರಿಗೆ ಕೊಟ್ಬಿಡ್ತೀನಿ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ," ಎಂದರು.

ಅವತ್ತು ಅಕ್ಕ ಮನೆಗೆ ಬಂದ ರೀತಿಯನ್ನು ನೋಡಬೇಕಿತ್ತು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆಗತಾನೆ ಬಂದು ಸೋಪು ಹಾಕಿ ಕೈಯ ಗ್ರೀಸು ತೊಳೆಯುತ್ತಿದ್ದ. ಅವಳು ಚಪ್ಪಲಿಯನ್ನೂ ಬಿಡದೆ ಇಡೀ ಕಥೆ ಒದರಿದಳು.

"ಸೋತ್ರೆ ಕೆಲಸ ಹೋಗುತ್ತೆ ಅಂತೀಯ, ಮುಖ ನೋಡಿದ್ರೆ ಬಹುಮಾನ ಬಂದೋರ ಥರ ಇದೆಯಲ್ಲೇ!" ಎಂದು ಅವನು ಬೆರಗಾದ.

"ಅಯ್ಯೋ, ಎರಡು ವರ್ಷದಿಂದ ಇದನ್ನ ಮಾಡಬೇಕು ಅಂತ ಒಳಗೊಳಗೇ ಕುದೀತಾ ಇದ್ದೆ ರೀ. ಇವತ್ತು ಮಾಡು ಅಂದುಬಿಟ್ರು!"

ಒಳಗಿನಿಂದ ಅತ್ತೆ, "ಮಾಡು, ಮಾಡು. ಮೊದಲು ಚಪ್ಪಲಿ ಬಿಡು," ಎಂದರು.

ಎಂಜಿನಿಯರು ಬಿಟ್ಟ ಹಳೆಯ ಕಂಪ್ಯೂಟರೊಂದು ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಮರುದಿನ ಬೆಳಿಗ್ಗೆಯೇ ಅಕ್ಕ ಎಲ್ಲರಿಗಿಂತ ಎರಡು ಗಂಟೆ ಮೊದಲೇ ಬಂದು ಅದರ ಹೊಟ್ಟೆ ಬಿಚ್ಚಿ, ಬ್ರಶ್ಶಿನಿಂದ ಗುಡಿಸಿ, ತನ್ನ ಮೇಜಿನ ಕೆಳಗೆ ಕೂರಿಸಿದಳು. ಸರ್ವರಿಗೆಂದೇ ಬಿಟ್ಟಿಯಾಗಿ ಸಿಗುವ ಆಪರೇಟಿಂಗ್ ಸಿಸ್ಟಮ್ಮನ್ನು ಅದಕ್ಕೆ ತುಂಬಿ, ಕೇಬಲ್ ಎಳೆದು ಎಲ್ಲರ ಕಂಪ್ಯೂಟರಿಗೂ ಜೋಡಿಸಿದಳು. ಮಾಡುವ ವಿಧಾನವನ್ನೆಲ್ಲ ಇಂಟರ್ನೆಟ್ಟಿನಿಂದ ತೆಗೆದು, ಪ್ಲಾಟರಿನ ಸುರುಳಿಯಲ್ಲಿ ಉಳಿದುಹೋಗುವ ತುಂಡು ಹಾಳೆಗಳ ಮೇಲೆ ಅಚ್ಚು ಹಾಕಿ ಗೋಡೆಗೆ ಅಂಟಿಸಿದಳು. ಆಳೆತ್ತರದ ಹಾಳೆ, ಹೆಬ್ಬೆರಳು ಗಾತ್ರದ ಅಕ್ಷರ! ಕೋಣೆಗೆ ಬಂದವರೆಲ್ಲ ತಲೆ ಎತ್ತಿ ಓದಿ, ಏನೊಂದೂ ಅರ್ಥವಾಗದೆ, "ಭಾರಿ ಇದೆ ಅಕ್ಕಾ" ಎಂದು ಹೋಗುತ್ತಿದ್ದರು.

ಬುಧವಾರ ಅಕೌಂಟ್ ಮಾಡುವ ದಿನ. ಒಬ್ಬೊಬ್ಬರನ್ನೇ ಕರೆದು ಕೂರಿಸಿ, ಪಾಸ್‌ವರ್ಡ್ ಒತ್ತುವಾಗ ತಾನು ಬೇಕೆಂದೇ ಕಿಟಕಿಯ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಎಲ್ಲರಿಗಿಂತ ಚಿಕ್ಕವಳಾದ, ಮೂಗಿನ ಮೇಲಿಂದ ಕನ್ನಡಕ ಜಾರುತ್ತಲೇ ಇರುವ ಚಷ್ಮಾ ಎಂಬ ಹುಡುಗಿ ಕೀಬೋರ್ಡಿಗೆ ಎರಡೂ ಕೈ ಅಡ್ಡ ಇಟ್ಟು ಒತ್ತಿದಳು. ಎಂಜಿನಿಯರು ಫೋನಿನಲ್ಲಿ ಮಾತಾಡುತ್ತಲೇ ಒತ್ತಿದರು. ಅವರದೂ ಉಳಿದವರಂಥದೇ ಅಕೌಂಟು. ಗೆರೆಮಾವ ಮಾತ್ರ ಗಂಟುಮುಖ ಹಾಕಿಕೊಂಡು ಬಂದರು.

"ಮೂವತ್ತು ವರ್ಷದಿಂದ ನನ್ನ ಮೇಜಿಗೆ ಬೀಗ ಇಲ್ಲ. ಪೆನ್ಸಿಲ್ ಬೇಕಾದೋರು ಪೆನ್ಸಿಲ್ ತಗೊಂಡಿದಾರೆ, ಬಿಸ್ಕತ್ ಬೇಕಾದೋರು ಬಿಸ್ಕತ್ ತಿಂದಿದಾರೆ. ಈಗ ನಮ್ಮನಮ್ಮಲ್ಲೇ ಗುಟ್ಟು ಅಂದ್ರೆ ಏನಮ್ಮ ಇದು?"

"ಗುಟ್ಟಲ್ಲ ಮಾವಾ, ಸರ್ವರ್‌ಗೆ ನೀವು ಯಾರು ಅಂತ ಗೊತ್ತಾಗಬೇಕಲ್ಲ."

"ನಾನು ಯಾರು ಅಂತ ಬೀದಿಗೇ ಗೊತ್ತು," ಎನ್ನುತ್ತ ಅವರು ಒಂದೇ ಬೆರಳಲ್ಲಿ, ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಹೇಳಿಕೊಂಡೇ ಒತ್ತಿದರು. ಪಕ್ಕದ ಕೋಣೆಗೂ ಕೇಳಿಸಿತು. ಅಕ್ಕ ನಕ್ಕು ಸುಮ್ಮನಾದಳು. ಆ ನಗುವೇ ಮುಂದೆ ಅವಳ ಕುತ್ತಿಗೆಗೆ ಬಂತು.

ಗುರುವಾರ ಚಷ್ಮಾಳ ಕಂಪ್ಯೂಟರಿನಲ್ಲಿ ಮೊದಲ ಪರೀಕ್ಷೆ. ಹೆಸರು ಕೊಟ್ಟಳು, ಪಾಸ್‌ವರ್ಡ್ ಕೊಟ್ಟಳು. ಆಗಲ್ಲ ಎಂದಿತು ಸರ್ವರು. ಇನ್ನೊಮ್ಮೆ ಕೊಟ್ಟಳು. ಜಪ್ಪಯ್ಯ ಅಂದರೂ ಇಲ್ಲ. ಬೇರೆಯವರ ಕಂಪ್ಯೂಟರಿನಲ್ಲೂ ಅದೇ ಹಾಡು. ಮಧ್ಯಾಹ್ನದ ಹೊತ್ತಿಗೆ ಆಫೀಸಿನಲ್ಲಿ ಪೆನ್ ಡ್ರೈವುಗಳು ಮತ್ತೆ ಓಡಾಡತೊಡಗಿದವು. ಒಬ್ಬನಂತೂ, "ಅಕ್ಕಾ, ನಿಮ್ಮ ಪೆಟ್ಟಿಗೆಗೆ ನಮ್ಮ ಮುಖಾನೇ ಹಿಡಿಸಿಲ್ಲ ಬಿಡಿ," ಎಂದು ಕಿಚಾಯಿಸಿಹೋದ. ಅಕ್ಕ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಊಟದ ಡಬ್ಬಿಯನ್ನು ತೆರೆಯಲೂ ಇಲ್ಲ. ಗೋಡೆಯ ಹಾಳೆಗಳ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿದಳು. ಎಲ್ಲ ಮಾಡಿದ್ದೇನಲ್ಲ! ಅಕೌಂಟ್ ಇದೆ, ಫೋಲ್ಡರ್ ಇದೆ, ಕೇಬಲ್ ಇದೆ. ಇನ್ನೇನು ಬೇಕಂತೆ ಈ ಪುಣ್ಯಾತ್ಮನಿಗೆ?

ಉತ್ತರ ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆ, ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತಿದ್ದಾಗ. ಫೋನಿನಲ್ಲಿ ಓದುತ್ತಿದ್ದ ಒಂದು ಸಾಲಿನ ಮೇಲೆ ಕಣ್ಣು ನೆಟ್ಟಿತು. ಸರ್ವರಿನ ಅಕೌಂಟುಗಳೇ ಬೇರೆ, ಫೋಲ್ಡರುಗಳನ್ನು ಹಂಚಿಕೊಡುವ ಸಾಫ್ಟ್‌ವೇರಿನ ಪಟ್ಟಿಯೇ ಬೇರೆ! ಅದು ತನ್ನದೇ ಇನ್ನೊಂದು ಪುಸ್ತಕ ಇಟ್ಟುಕೊಂಡಿರುತ್ತದೆ. ಅದರಲ್ಲೂ ಪ್ರತಿಯೊಬ್ಬರ ಹೆಸರನ್ನು ಸೇರಿಸಿ ಪಾಸ್‌ವರ್ಡ್ ಕೊಡಿಸಬೇಕು. ಇವಳು ಗೇಟಿನವನಿಗೆ ಎಲ್ಲರ ಪರಿಚಯ ಹೇಳಿ, ಒಳಬಾಗಿಲಿನವನಿಗೆ ಹೇಳುವುದನ್ನೇ ಮರೆತಿದ್ದಳು. "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಬಸ್ಸಿನಲ್ಲೇ ಕೂಗಿಬಿಟ್ಟಳು. ಪಕ್ಕದ ಹೆಂಗಸು ಗಾಬರಿಯಾಗಿ, "ಏನಾದ್ರೂ ಮರೆತು ಬಂದ್ರಾ?" ಎಂದಳು. "ಹೂಂ ಕಣ್ರೀ, ಮರೆತಿದ್ದು ಈಗ ಸಿಕ್ತು!" ಎಂದಳು ಅಕ್ಕ.

ಅವತ್ತು ಮತ್ತೆ ಎಲ್ಲರನ್ನೂ ಸಾಲಾಗಿ ಕೂರಿಸಿ ಎರಡನೆಯ ಪುಸ್ತಕದಲ್ಲೂ ಸೇರಿಸಿದಳು. ಕೆಲವರು ಹಳೆಯ ಪಾಸ್‌ವರ್ಡನ್ನೇ ಒತ್ತಿದರು. ಗೆರೆಮಾವ ಮೊನ್ನೆಯಂತೆಯೇ ಬಾಯಿಬಿಟ್ಟು ಹೇಳಿ ಒತ್ತಿದರು. ಆಮೇಲೆ ಅಕ್ಕ ಚಷ್ಮಾಳ ಕಂಪ್ಯೂಟರಿನ ಮುಂದೆ ಹೋಗಿ ನಿಂತಳು. ಹಿಂದೆ ಎಂಟು ಜನ ಕತ್ತು ಉದ್ದ ಮಾಡಿಕೊಂಡು ನಿಂತರು. ಹೆಸರು. ಪಾಸ್‌ವರ್ಡು. ಎಂಟರ್. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಪರದೆಯ ಮೇಲೆ ಪಟಪಟನೆ ಫೋಲ್ಡರುಗಳು ಬಂದು ಕೂತವು. ಚಷ್ಮಾಳದೇ ಹೆಸರಿನದೊಂದು, ‘ಸೈಟಿಗೆ’ ಎಂಬುದೊಂದು.

"ಬಂತು! ಬಂತು ಅಕ್ಕಾ!" ಎಂದು ಚಷ್ಮಾ ಕುರ್ಚಿಯಿಂದಲೇ ಹಾರಿದಳು, ಕನ್ನಡಕ ಕೀಬೋರ್ಡಿನ ಮೇಲೆ ಬಿತ್ತು. ಅಕ್ಕ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಳು. ಕಣ್ಣಲ್ಲಿ ನೀರು, ಈ ಸಲ ಅಮೋನಿಯಾದ ನೆಪವೂ ಇರಲಿಲ್ಲ. ಆಮೇಲೆ ಕೋಣೆಯಿಂದ ಕೋಣೆಗೆ ಓಡಿದಳು. ಇಲ್ಲಿ ಇಟ್ಟದ್ದು ಅಲ್ಲಿ ಕಾಣಿಸಿತು, ಅಲ್ಲಿ ತಿದ್ದಿದ್ದು ಇಲ್ಲಿ ತಿದ್ದಿಕೊಂಡಿತು. ‘ಸೈಟಿಗೆ’ ಫೋಲ್ಡರಿಗೆ ಚಷ್ಮಾ ಕೈಹಾಕಲು ಹೋದರೆ ಅನುಮತಿ ಇಲ್ಲ ಎಂದಿತು, ಗೆರೆಮಾವ ಹಾಕಿದರೆ ಗಪ್ಪನೆ ತೆಗೆದುಕೊಂಡಿತು. ಅವರೂ ಮೀಸೆಯಡಿಯಲ್ಲಿ ನಕ್ಕರು. "ನಾಳೆ ಇಡೀ ಆಫೀಸು ಇದರಲ್ಲೇ ಕೆಲಸ ಮಾಡ್ಲಿ, ನೋಡೋಣ," ಎಂದರು ಎಂಜಿನಿಯರು.

ಶನಿವಾರ ಪ್ಲಾಟರ್ ಒಂದು ನಿಮಿಷ ಬಿಡುವಿಲ್ಲದೆ ಓಡಿತು. ಬಾಗಿಲಲ್ಲಿ ಸಾಲಿಲ್ಲ, ಪೆನ್ ಡ್ರೈವಿಲ್ಲ. ಅಕ್ಕ ಹಾಡಿಕೊಂಡೇ ಹಾಳೆ ಕತ್ತರಿಸುತ್ತಿದ್ದಳು. ಮಧ್ಯಾಹ್ನ ಒಂದು ಗಂಟೆಗೆ ‘ಸೈಟಿಗೆ’ ಫೋಲ್ಡರನ್ನು ಮತ್ತೆ ತೆಗೆದವಳ ಕೈ ಅಲ್ಲೇ ನಿಂತಿತು. ಮೂವತ್ತೇಳು ನಕ್ಷೆ! ಒಂದರಲ್ಲಿ ಗೋಡೆಗೆ ಅಳತೆಯೇ ಇಲ್ಲ. ಇನ್ನೊಂದರಲ್ಲಿ ಬಾಗಿಲು ಬರೆಯುವುದನ್ನೇ ಮರೆತಿದ್ದಾರೆ. ಮತ್ತೊಂದರ ಹೆಸರು ಏನು ಅಂತೀರಿ? ‘ಇದೇ ಫೈನಲ್’.

ಎಲ್ಲವನ್ನೂ ಹಾಕಿದವರ ಹೆಸರು ಒಂದೇ: ಗೆರೆಮಾವ.

ಅಷ್ಟರಲ್ಲಿ ಗೆರೆಮಾವ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. ಬೆಳಿಗ್ಗೆ ಹತ್ತು ಗಂಟೆಯಿಂದ ಹಲ್ಲಿನ ಡಾಕ್ಟರ ಹತ್ತಿರ ಇದ್ದರಂತೆ. ದವಡೆ ಹಲ್ಲು ಕೀಳಿಸಿಕೊಂಡು ಈಗಷ್ಟೇ ಬರುತ್ತಿದ್ದಾರೆ.

ಅಕ್ಕ ಕೋಣೆಗೆ ಓಡಿದಳು. ಯಾವ ಹೆಸರಿನವರು ಯಾವ ಕಂಪ್ಯೂಟರಿನಿಂದ ಎಷ್ಟು ಹೊತ್ತಿಗೆ ಬಂದರು ಎಂಬುದನ್ನು ಸರ್ವರು ತಾನೇ ಬರೆದಿಟ್ಟಿರುತ್ತದೆ. ತೆಗೆದು ನೋಡಿದರೆ, ಅತ್ತ ಹಲ್ಲು ಕೀಳಿಸಿಕೊಳ್ಳುತ್ತಿದ್ದ ಗೆರೆಮಾವ ಇತ್ತ ಆಫೀಸಿನ ನಾಲ್ಕು ಕಂಪ್ಯೂಟರುಗಳ ಮುಂದೆ ಏಕಕಾಲಕ್ಕೆ ಕೂತು ಕೆಲಸ ಮಾಡಿದ್ದರು. ಆಗಿದ್ದು ಇಷ್ಟೇ: ನಕ್ಷೆ ಪರಿಶೀಲಿಸುವವರು ಇಲ್ಲ, ಪ್ರಿಂಟು ಅರ್ಜೆಂಟು, ಮಾವನ ಪಾಸ್‌ವರ್ಡ್ ಇಡೀ ಆಫೀಸಿಗೆ ಬಾಯಿಪಾಠ. ಯಾರಿಗೂ ಇದು ತಪ್ಪು ಅಂತಲೇ ಅನಿಸಿರಲಿಲ್ಲ. ಮಾವನ ಬಿಸ್ಕತ್ತು ತಿಂದಷ್ಟೇ ಸಲೀಸಾಗಿ ಮಾವನ ಹೆಸರಲ್ಲಿ ಒಳಗೆ ಹೋಗಿದ್ದರು.

ಅಕ್ಕ ಅಚ್ಚಾಗಿದ್ದ ಹಾಳೆಗಳನ್ನೆಲ್ಲ ಸೈಟಿಗೆ ಹೋಗದಂತೆ ಎತ್ತಿಟ್ಟಳು. ಪೆನ್ ಡ್ರೈವ್ ಕಾಲದಲ್ಲಿ ತಪ್ಪು ನಡೆದುಕೊಂಡು ಹೋಗುತ್ತಿತ್ತು. ಇವಳು ಅದನ್ನು ಬಸ್ಸು ಹತ್ತಿಸಿ ಕಳಿಸಿದ್ದಳು. ಮಂಗಳವಾರಕ್ಕೆ ಉಳಿದಿದ್ದುದು ಒಂದೇ ಕೆಲಸದ ದಿನ. ಪಾಸ್‌ವರ್ಡನ್ನು ಬದಲಾಯಿಸುವುದೇನು ಮಹಾ, ಒಂದು ನಿಮಿಷದ ಕೆಲಸ. ಆದರೆ ಮಾವ ಅದನ್ನೂ ಗಟ್ಟಿಯಾಗಿ ಹೇಳಿಕೊಂಡೇ ಒತ್ತುತ್ತಾರೆ! ಅವರ ಬಾಯಿಗೆ ಬೀಗ ಹಾಕುವ ಸರ್ವರನ್ನು ಎಲ್ಲಿಂದ ತರುವುದು?

ಅವಳು ಹಳೆಯ ನಕ್ಷೆಗಳ ಕೊಳವೆಯಿಂದ ಒಂದು ಹಾಳೆ ಎಳೆದು ಅವರ ಮೇಜಿನ ಮೇಲೆ ಹಾಸಿದಳು. ಮೂಲೆಯ ಚೌಕದಲ್ಲಿ ಅವರ ಸಹಿ ಇತ್ತು.

"ಮಾವಾ, ಇನ್ಮೇಲೆ ಈ ಚೌಕದಲ್ಲಿ ನಿಮ್ಮ ಸಹಿ ನಾನೇ ಹಾಕ್ಬಿಡ್ಲಾ? ನಿಮಗೂ ಶ್ರಮ ತಪ್ಪುತ್ತೆ."

"ಕೈ ಮುರಿದುಬಿಡ್ತೀನಿ!" ಎಂದರು ಗೆರೆಮಾವ, ಊದಿದ ಕೆನ್ನೆಯಲ್ಲೇ. "ಒಂದು ಸಲ ಸರ್ ಹಾಕೋಕೆ ಬಂದ್ರು. ಅವರಿಗೇ ಬಿಡಲಿಲ್ಲ ನಾನು. ನಾನು ನೋಡದೆ ನನ್ನ ಸಹಿಯಾ? ಕಟ್ಟಡ ಬಿದ್ದುಹೋದ್ರೆ ಯಾರ ತಲೆಗೆ?"

"ಇವತ್ತು ಬೆಳಿಗ್ಗೆ ಮೂವತ್ತೇಳು ಸಲ ಹಾಕಿದಾರೆ ಮಾವಾ. ನಾಲ್ಕು ಜನ. ನೀವು ಅಲ್ಲಿ ಬಾಯಿ ತೆಕ್ಕೊಂಡು ಕೂತಿದ್ರಿ."

ಅವಳು ಸರ್ವರಿನ ಪಟ್ಟಿಯನ್ನೂ ಆ ನಕ್ಷೆಗಳನ್ನೂ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ಬಾಗಿಲಿಲ್ಲದ ಕೋಣೆಯ ಹತ್ತಿರ ಬಂದಾಗ ಬೆರಳು ನಿಂತಿತು. ಮುಖ ಕೆಂಪಗಾಯಿತು.

"ಇದರ ಕೆಳಗೆ ನನ್ನ ಹೆಸರಾ?"

"ನೀವು ಪಾಸ್‌ವರ್ಡ್ ಹೇಳಿದ್ದು ಪೆನ್ಸಿಲ್ ಕೊಟ್ಟ ಹಾಗಲ್ಲ ಮಾವಾ. ಸಹಿ ಮಾಡಿದ ಖಾಲಿ ಹಾಳೆ ಕೊಟ್ಟ ಹಾಗೆ."

ಗೆರೆಮಾವ ಧಡಕ್ಕನೆ ಎದ್ದರು. ನೇರ ಪ್ಲಾಟರ್ ಕೋಣೆಗೆ ಹೋಗಿ ಕೂತರು. "ಬದಲಾಯಿಸು. ನೀನು ಆ ಕಡೆ ತಿರುಗು," ಎಂದರು. ಅಕ್ಕ ಕಿಟಕಿಯ ಕಡೆ ತಿರುಗಿದಳು. ಹಿಂದಿನಿಂದ ಒಂದೊಂದೇ ಕೀ ಒತ್ತುವ ಟಕ್ ಟಕ್ ಸದ್ದು ಬಿಟ್ಟರೆ ಉಸಿರೂ ಇಲ್ಲ. ಬಾಗಿಲಲ್ಲಿ ಯಾರೋ ಇಣುಕಿದ್ದಕ್ಕೆ, "ಏಯ್, ಆಚೆ ಹೋಗು!" ಎಂದು ಗದರಿದ್ದೂ ಕೇಳಿಸಿತು. ಅಕ್ಕ ಸೆಲ್ಯೂಟ್ ಹೊಡೆಯುವುದೊಂದು ಬಾಕಿ. ಸೋಮವಾರ ಅವರು ಮೂವತ್ತೇಳೂ ನಕ್ಷೆಗಳನ್ನು ಹೊರಹಾಕಿ, ಒಂದೊಂದನ್ನೇ ನೋಡಿ, ಹನ್ನೊಂದನ್ನು ಮಾತ್ರ ಒಳಗೆ ಬಿಟ್ಟರು.

ಮಂಗಳವಾರ ಬಂತು. ಆಸ್ಪತ್ರೆಯ ಕಡೆಯಿಂದ ದೊಡ್ಡ ಡಾಕ್ಟರಮ್ಮ, ಜೊತೆಗೆ ಇಬ್ಬರು. ಎಂಜಿನಿಯರು ತಮ್ಮ ಕೋಣೆಯಲ್ಲಿ ದೊಡ್ಡ ಪರದೆ ಹಾಕಿಸಿದ್ದರು. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ಎಲ್ಲ ಬೆಣ್ಣೆಯ ಹಾಗೆ ನಡೆಯಿತು. ನಕ್ಷೆ ತೆಗೆದರು, ತೋರಿಸಿದರು, ಪಕ್ಕದ ಕೋಣೆಯಲ್ಲಿ ಚಷ್ಮಾ ಒಂದು ಗೋಡೆ ಸರಿಸಿದಳು, ಇಲ್ಲಿ ಕಾಣಿಸಿತು. ಡಾಕ್ಟರಮ್ಮ ತಲೆದೂಗುತ್ತ, "ತುರ್ತು ಚಿಕಿತ್ಸೆ ಕೋಣೆಯ ಬಾಗಿಲನ್ನ ಈ ಕಡೆ ಗೋಡೆಗೆ ತರೋಕಾಗುತ್ತಾ?" ಎಂದು ಕೇಳಿದರು.

"ಓಹೋ, ಅದಕ್ಕೇನು!" ಎಂದರು ಎಂಜಿನಿಯರು. ಅವರ ಗಡಿಬಿಡಿ ಗೊತ್ತೇ ಇದೆಯಲ್ಲ. ತಾವೇ ಬಾಗಿಲನ್ನು ಎಳೆದು ಆಚೆ ಗೋಡೆಗೆ ಕೂರಿಸಿದರು. "ನೋಡಿ ಮೇಡಂ, ಒಂದು ನಿಮಿಷ. ಈಗಲೇ ಸೈಟಿಗೆ ಹೋಗೋಕೆ ತಯಾರು," ಎಂದು ನಕ್ಷೆಯನ್ನು ‘ಸೈಟಿಗೆ’ ಫೋಲ್ಡರಿಗೆ ಹಾಕಿದರು.

ದೊಡ್ಡ ಪರದೆಯ ಮೇಲೆ ದೊಡ್ಡದೊಂದು ಚೌಕ ಎದ್ದು ನಿಂತಿತು. ನಿಮಗೆ ಇಲ್ಲಿ ಅನುಮತಿ ಇಲ್ಲ.

ಎಂಜಿನಿಯರು ಮತ್ತೊಮ್ಮೆ ಹಾಕಿದರು. ಮತ್ತೊಮ್ಮೆ ಅದೇ ಚೌಕ. ಅವರ ಕಿವಿ ಕೆಂಪಾಯಿತು.

"ಅಕ್ಕಾ, ಏನಿದು? ಕೆಟ್ಟುಹೋಯ್ತಾ?"

"ಕೆಟ್ಟಿಲ್ಲ ಸರ್. ಅಲ್ಲಿಗೆ ಹಾಕೋದು ಗೆರೆಮಾವ ಒಬ್ಬರೇ."

"ಗೊತ್ತು, ಗೊತ್ತು. ನನಗೂ ಈಗ ಒಂದು ಅನುಮತಿ ಕೊಟ್ಬಿಡಿ, ಮುಗೀಲಿ. ನೀವು ಮನಸ್ಸು ಮಾಡಿದ್ರೆ ಕೊಡಬಹುದು ತಾನೇ?"

ಕೊಡಬಹುದಿತ್ತು. ಎದುರಿನ ಕೋಣೆಗೆ ಹೋಗಿ ಒಂದೇ ಸಾಲು ಒತ್ತಿದರೆ ಸಾಕಿತ್ತು. ಸರ್ ನಗುತ್ತಿದ್ದರು, ಡಾಕ್ಟರಮ್ಮ ನಗುತ್ತಿದ್ದರು, ಸರ್ವರು ಅವಳ ಕೈಗೆ ಬರುತ್ತಿತ್ತು. ಕೊಡದಿದ್ದರೆ ಬಂದವರ ಮುಂದೆ ಸರ್ ಮರ್ಯಾದೆ ಕಳೆದಂತೆ, ಸಂಜೆಯ ಹೊತ್ತಿಗೆ ಕೋಣೆಗೆ ಬೀಗ.

ಅಕ್ಕ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಕೊಡಬಹುದು ಸರ್. ಆದ್ರೆ ಕೊಡಲ್ಲ. ಒಂದು ಸಲ ಕೊಟ್ರೆ ಆ ಫೋಲ್ಡರಿಗೂ ಪೆನ್ ಡ್ರೈವಿಗೂ ವ್ಯತ್ಯಾಸವೇ ಇರಲ್ಲ," ಎಂದಳು.

ಎಂಜಿನಿಯರು ಅವಳನ್ನೇ ನೋಡಿದರು. ಆಮೇಲೆ ಪರದೆಯನ್ನು ನೋಡಿದರು. ಕೊನೆಗೆ ಬಾಗಿಲಾಚೆಗೆ, "ಮಾವಾ, ಬಂದು ಇದನ್ನೊಂದು ನೋಡ್ತೀರಾ?" ಎಂದು ಕೂಗಿದರು.

ಗೆರೆಮಾವ ಬಂದರು. ಪರದೆಯ ಮುಂದೆ ನಿಂತು ಕತ್ತು ಆ ಕಡೆ ಈ ಕಡೆ ವಾಲಿಸಿ ನೋಡಿದರು. ಎಂಜಿನಿಯರು ಸರಿಸಿದ ಬಾಗಿಲ ಮೇಲೆ ಬೆರಳಿಟ್ಟರು.

"ಇಲ್ಲಿ ಬಾಗಿಲಿಟ್ರೆ ಕಂಬ ಅಡ್ಡ ಬರುತ್ತೆ ಸರ್. ಜನ ಹೋಗಬಹುದು. ಸ್ಟ್ರೆಚರ್ ತಿರುಗಲ್ಲ."

ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ಹತ್ತಿರ ಬಂದು ಅಳತೆ ಓದಿದರು. "ಅಯ್ಯಯ್ಯೋ, ಹೌದಲ್ಲ!" ಎಂದರು. ತುರ್ತು ಚಿಕಿತ್ಸೆಯ ಕೋಣೆಗೆ ಸ್ಟ್ರೆಚರ್ ಹೋಗದಿದ್ದರೆ ಏನಾಗುತ್ತದೆಂದು ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಅವರು ಪರದೆಯನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು. "ಇವರಿಗೇ ಬಿಡಲಿಲ್ಲ ಅಂದಮೇಲೆ ಇನ್ಯಾರಿಗೂ ಬಿಡಲ್ಲ ನೀವು," ಎಂದರು. "ನಕ್ಷೆ ಇಲ್ಲೇ ಮಾಡಿಸೋಣ," ಎಂದು ಜೊತೆಯವರಿಗೆ ಹೇಳಿದರು.

ಅವರೆಲ್ಲ ಹೋದ ಮೇಲೆ ಎಂಜಿನಿಯರು ಹೊರಗಿನ ಕಂಪನಿಗೆ ಫೋನ್ ಮಾಡಿ ಎರಡೇ ಮಾತಲ್ಲಿ ಬೇಡ ಎಂದು ಹೇಳಿದ್ದನ್ನು ಅಕ್ಕ ಕಿವಿಯಾರೆ ಕೇಳಿದಳು. ಓಡಿಹೋಗಿ ಪ್ಲಾಟರ್ ಕೋಣೆಯ ಬಾಗಿಲು ಹಾಕಿಕೊಂಡು ಗಂಡನಿಗೆ ಫೋನ್ ಹಚ್ಚಿದಳು. ಆ ಕಡೆ ಬಸ್ಸಿನ ಎಂಜಿನ್ ಗುಡುಗುಡು ಎನ್ನುತ್ತಿತ್ತು. ಇಬ್ಬರೂ ಕಿರುಚಿಯೇ ಮಾತಾಡಬೇಕಾಯಿತು.

"ಏನಾಯ್ತೇ?"

"ರೀ, ಎಲ್ಲರೆದುರಿಗೇ ಸರ್‌ನ ಒಳಗೆ ಬಿಡಲಿಲ್ಲ ರೀ ನನ್ನ ಪೆಟ್ಟಿಗೆ!"

"ಅಯ್ಯೋ ದೇವರೇ! ಹೋಯ್ತಾ ಮತ್ತೆ ಕೆಲಸ?"

"ಇಲ್ಲಾ ರೀ! ಅದಕ್ಕೇ ಸಿಕ್ಕಿದ್ದು!"